ಬಿಡಿಭಾಗ ಬದಲಾದರೆ ಬಂಡಿ ಬದಲಾಗುತ್ತದೆಯೇ?

ಅಪರೂಪದ ಹಳೆಯ ಕಾರಿಗೆ ಮರುಜೀವ ಕೊಡಲು ಹೊರಟವರಿಗೆ ಮೊದಲು ಎದುರಾಗುವುದು ತಾತ್ವಿಕ ಪ್ರಶ್ನೆ: ಎಷ್ಟನ್ನು ಬದಲಾಯಿಸಿದ ಮೇಲೂ ಅದು ಅದೇ ಕಾರು? ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯುವುದು, ಬೇರೆ ಎಂಜಿನ್ ಕೂರಿಸುವುದು, ಮೂಲ ಬಣ್ಣ ಕೆರೆದು ಮೆಚ್ಚಿದ ಬಣ್ಣ ಹೊಡೆಸುವುದು ಒಂದೇ ಬಗೆಯ ಕೆಲಸಗಳಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿ ಇಲ್ಲೊಂದು ಗೆರೆ ಎಳೆದಿದೆ. ವಿಂಟೇಜ್ ವಾಹನ ಎನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ಮೀರಿರಬೇಕು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಆ ಗೆರೆ ಅಲ್ಲಿಯೇ ಏಕೆ ಬೀಳಬೇಕು ಎಂಬುದು ಕಾನೂನಿಗಿಂತ ಹಳೆಯ ಚರ್ಚೆ.

ಆ ಚರ್ಚೆಯ ಪ್ರಸಿದ್ಧ ಉದಾಹರಣೆಯೂ ವಾಹನವೇ. ಕ್ರಿ.ಪೂ. 2ನೆಯ ಶತಮಾನದ ಯವನ ದೊರೆ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆದ ಸಂವಾದವೆಂದು ಹೇಳಲಾಗುವ ‘ಮಿಲಿಂದಪನ್ಹ’ದಲ್ಲಿ ಭಿಕ್ಷು ರಾಜನ ರಥವನ್ನೇ ಚರ್ಚೆಗೆ ಎಳೆಯುತ್ತಾನೆ. ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗವೂ ಅಲ್ಲ. ಇವನ್ನು ಬಿಟ್ಟು ಬೇರೆ ರಥವೂ ಇಲ್ಲ. ಭಾಗಗಳು ಕೂಡಿದಾಗ ನಾವು ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು ಅದು, ಮನುಷ್ಯನೂ ಹಾಗೆಯೇ ಎಂಬುದು ಅವನ ನಿಲುವು. ನ್ಯಾಯ, ವೈಶೇಷಿಕ ದರ್ಶನದವರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಅವಯವಗಳಿಂದ, ಅಂದರೆ ಭಾಗಗಳಿಂದ, ಹುಟ್ಟಿದ ಅವಯವಿ ಎಂಬ ಇಡೀ ವಸ್ತು ಅವುಗಳಿಗಿಂತ ಬೇರೆಯಾದ ನಿಜ ವಸ್ತು. ಅವಯವ ಕಳಚಿದರೆ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ. ಮೊದಲ ವಾದದಲ್ಲಿ ಕಾರಿಗೆ ಕಾಪಾಡಬೇಕಾದ ತಿರುಳೇ ಇಲ್ಲ. ಎರಡನೆಯದರಲ್ಲಿ ಒಂದು ಬೋಲ್ಟು ಬದಲಿಸಿದರೂ ಕಾರು ಬೇರೆ. ಎರಡೂ ತರ್ಕಕ್ಕೆ ಗಟ್ಟಿ. ಆದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು ಎಂದು ತೀರ್ಮಾನಿಸಲು ಅವು ಸಾಲವು.

ಆ ತೀರ್ಮಾನಕ್ಕೆ ದಾರಿ ತೋರುವಂತೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಹಳೆಯದನ್ನು ಕಾಪಾಡುವ ಮೂರು ಬೇರೆ ಬೇರೆ ಬಗೆಗಳು ಕಾಣುತ್ತವೆ. ಮೊದಲನೆಯದು ಶಾಸನ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಶಾಸನತಜ್ಞ ಬಿ. ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದರು. ಬ್ರಾಹ್ಮಿಯಲ್ಲಿ ಕೊರೆದ ಈ ಬರಹದ ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಒಂದು ಪದವನ್ನು ಯಾರಾದರೂ ‘ಸರಿಪಡಿಸಿದ್ದರೆ’ ಅವನ ಹಿನ್ನೆಲೆಯ ಸುಳಿವೇ ಅಳಿಸಿಹೋಗುತ್ತಿತ್ತು. ಇಲ್ಲಿ ದ್ರವ್ಯವೇ ಸಾಕ್ಷಿ, ಅದನ್ನು ಬದಲಿಸುವಂತಿಲ್ಲ.

ಎರಡನೆಯದು ತೇರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥವನ್ನು ಫಾಲ್ಗುಣ ಮಾಸದ ಜಾತ್ರೆಯಲ್ಲಿ ಭಕ್ತರು ಎಳೆಯುತ್ತಾರೆ. ಮರದ ತೇರಿನ ಅಚ್ಚು, ಗಾಲಿ, ಹಗ್ಗಗಳು ಸವೆಯುತ್ತವೆ. ಸವೆದದ್ದನ್ನು ಬದಲಿಸದೆ ಎಳೆದರೆ ಜನರ ಜೀವಕ್ಕೇ ಅಪಾಯ. ಅಚ್ಚು ಹೊಸದಾದರೂ ಭಕ್ತರಿಗೆ ಅದು ಅದೇ ತೇರು. ಇಲ್ಲಿ ಉಳಿಯಬೇಕಾದದ್ದು ರೂಪ ಮತ್ತು ಕಾಯಕ.

ಮೂರನೆಯದು ದೇವರ ಎತ್ತುಗಳು. ಇಲ್ಲಿನ ಮ್ಯಾಸಬೇಡ ಸಮುದಾಯದವರು ದೇವರ ಹೆಸರಿನಲ್ಲಿ ಸಾಕಿಕೊಂಡು ಬಂದ ಈ ಹಿಂಡುಗಳನ್ನು ಕಿಲಾರಿಗಳು ಕಾಯುತ್ತಾರೆ. ಒಂದೊಂದು ಎತ್ತೂ ಸಾಯುತ್ತದೆ, ಕಾಯುವವನೂ ಸಾಯುತ್ತಾನೆ; ಹಿಂಡು ಮುಂದುವರಿಯುತ್ತದೆ. ಅದನ್ನು ಹಿಡಿದಿಟ್ಟಿರುವುದು ತಲೆಮಾರಿನಿಂದ ತಲೆಮಾರಿಗೆ ಕಡಿಯದೆ ಬಂದ ಪಾಲನೆ.

ಹಳೆಯ ಕಾರಿನಲ್ಲಿ ಈ ಮೂರೂ ಸೇರಿಕೊಂಡಿವೆ. ಚಾಸಿಸ್ ಸಂಖ್ಯೆ, ಬಾಡಿ ಕಟ್ಟಿದವರ ಸುತ್ತಿಗೆಯ ಗುರುತು, ಮೂಲ ಬಣ್ಣದ ಪದರ ಶಾಸನದಂತೆ ಸಾಕ್ಷಿ ನುಡಿಯುತ್ತವೆ. ಒಮ್ಮೆ ಹೋದರೆ ಮರಳಿ ಬಾರವು. ಟೈರು, ಬ್ರೇಕ್ ಲೈನಿಂಗ್, ವೈರಿಂಗ್ ತೇರಿನ ಅಚ್ಚಿನ ಹಾಗೆ ಸವೆಯಲೆಂದೇ ಇರುವಂಥವು. ಅವನ್ನು ಬದಲಿಸಿದರೆ ಮಾತ್ರ ಕಾರು ರಸ್ತೆಗಿಳಿಯುತ್ತದೆ. ಪಾಲನೆಯ ಪ್ರಶ್ನೆಯನ್ನು 1990ರಲ್ಲಿ ಲಂಡನ್‌ನ ಹೈಕೋರ್ಟ್ ವಿಚಾರಿಸಿತು. 1929 ಮತ್ತು 1930ರ ಲೆ ಮಾನ್ ರೇಸುಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಬೆಂಟ್ಲಿಯಲ್ಲಿ ಆ ಕಾಲದ ಭಾಗಗಳು ಉಳಿದಿದ್ದದ್ದು ತೀರಾ ಕಡಿಮೆ. ಆದರೂ ಅದರ ಚರಿತ್ರೆ ಎಲ್ಲಿಯೂ ಕಡಿದಿಲ್ಲವಾದ್ದರಿಂದ ಅದೇ ಅಧಿಕೃತ ಕಾರು ಎಂದು ನ್ಯಾಯಾಲಯ ಒಪ್ಪಿತು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಅಂಗೀಕರಿಸಿದ ಟುರಿನ್ ಸನ್ನದು ಕೂಡ ಸಂರಕ್ಷಣೆ, ದುರಸ್ತಿ, ಪುನಃಸ್ಥಾಪನೆಗಳನ್ನು ಬೇರ್ಪಡಿಸಿ, ಮಾಡಿದ ಕೆಲಸವನ್ನೆಲ್ಲ ದಾಖಲಿಸಬೇಕೆನ್ನುತ್ತದೆ.

ಆಗಮಗಳ ಜೀರ್ಣೋದ್ಧಾರ ವಿಧಿ ಇದಕ್ಕೆ ಇನ್ನೊಂದು ಮಾತು ಸೇರಿಸುತ್ತದೆ. ಗುಡಿಯ ದುರಸ್ತಿಗೆ ಮುನ್ನ ದೇವರ ಸಾನ್ನಿಧ್ಯವನ್ನು ಬಾಲಾಲಯವೆಂಬ ತಾತ್ಕಾಲಿಕ ಗುಡಿಗೆ ಕರೆದೊಯ್ದು, ಕೆಲಸ ಮುಗಿದ ಮೇಲೆ ಮತ್ತೆ ಪ್ರತಿಷ್ಠಾಪಿಸುತ್ತಾರೆ. ಕೈ ಹಾಕುವ ಮೊದಲು ಏನನ್ನು ಕಾಪಾಡಬೇಕೆಂದು ಗುರುತಿಸಬೇಕು, ಉಳಿ ಸುತ್ತಿಗೆ ಆಮೇಲೆ ಎಂಬುದು ಈ ಕ್ರಮದ ತಾತ್ಪರ್ಯ.

ಹೀಗೆ ನೋಡಿದರೆ ಮಾಲೀಕನ ಇಷ್ಟಕ್ಕೂ ಒಂದು ಜಾಗವಿದೆ, ಆದರೆ ಅದು ಕೊನೆಯದು. ಅಪರೂಪದ ಕಾರನ್ನು ಹಣ ಕೊಟ್ಟು ಕೊಂಡವನು ಅದರ ಒಡೆಯನಾದರೂ, ಕಿಲಾರಿಯ ಹಾಗೆ ತನ್ನ ಕಾಲಕ್ಕೆ ಅದನ್ನು ಕಾಯುವವನು. ಸಾಕ್ಷಿಯಾದದ್ದನ್ನು ಮುಟ್ಟಬಾರದು, ಸವೆದದ್ದನ್ನು ಅದೇ ಮಾದರಿಯಲ್ಲಿ ಬದಲಿಸಬೇಕು, ತನ್ನ ಇಷ್ಟಕ್ಕೆ ಮಾಡುವ ಮಾರ್ಪಾಡು ಮುಂದಿನವರು ಬಿಚ್ಚಿ ತೆಗೆಯುವಂತಿರಬೇಕು, ತೆಗೆದ ಭಾಗವನ್ನು ಗುಜರಿಗೆ ಹಾಕದೆ ಎತ್ತಿಟ್ಟು, ಮಾಡಿದ್ದನ್ನೆಲ್ಲ ಬರೆದಿಡಬೇಕು. ಈ ನಾಲ್ಕನ್ನು ಪಾಲಿಸಿದ ಕಾರು ಎಷ್ಟು ಭಾಗ ಬದಲಾದರೂ ಅದೇ ಕಾರು.