ಮನೆಯ ಗುಟ್ಟು

ಕನ್ನಡದಲ್ಲಿ 'ವ್ಯಸನ' ಎಂಬ ಮಾತಿಗೆ ಎರಡು ಅರ್ಥ. ಬಿಡಲಾಗದ ಚಟಕ್ಕೂ ವ್ಯಸನವೆನ್ನುತ್ತೇವೆ, ದುಃಖಕ್ಕೂ ವ್ಯಸನವೆನ್ನುತ್ತೇವೆ. ಇದು ನಿಘಂಟಿನ ಆಕಸ್ಮಿಕವೆಂದು ನಾನು ಬಹುಕಾಲ ತಿಳಿದಿದ್ದೆ. ಹಾಗಲ್ಲವೆಂದು ಹೊಳೆದದ್ದು ಕಡಲಾಚೆಯ ಒಂದು ಊರಿನಲ್ಲಿ, ಯೆಹೂದ್ಯ ಹಿರಿಯರೊಬ್ಬರ ಮನೆಯ ಊಟದ ಮೇಜಿನ ಮುಂದೆ.

ನನ್ನ ಮಗಳೂ ಅಳಿಯನೂ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿದ್ದಾರೆ. ಅವರೊಡನೆ ಆರು ತಿಂಗಳು ಇದ್ದು ಬಂದೆ. ಅವರ ಮನೆ ಇರುವ ಸ್ಕ್ವಿರಲ್ ಹಿಲ್ ಬಡಾವಣೆ ತಲೆಮಾರುಗಳಿಂದ ಯೆಹೂದ್ಯರ ನೆಲೆ. ಶನಿವಾರ ಅವರಿಗೆ ಸಬ್ಬತ್ ದಿನ. ಆಚಾರವಂತರು ಅಂದು ವಾಹನ ಮುಟ್ಟುವುದಿಲ್ಲ. ಅಜ್ಜ, ಮಗ, ಮೊಮ್ಮಕ್ಕಳು ಸಾಲಾಗಿ ಸಿನಗಾಗಿಗೆ ನಡೆದು ಹೋಗುವುದನ್ನು ಕಿಟಕಿಯಿಂದ ನೋಡುವುದು ನನಗೊಂದು ಸಂತೋಷವಾಗಿತ್ತು. 2018ರ ಅಕ್ಟೋಬರ್ 27ರಂದು ದ್ವೇಷದಿಂದ ಕುರುಡಾದವನೊಬ್ಬ ಬಂದೂಕು ಹಿಡಿದು ನುಗ್ಗಿ 11 ಜನರನ್ನು ಕೊಂದದ್ದು ಇದೇ ಬಡಾವಣೆಯ 'ಟ್ರೀ ಆಫ್ ಲೈಫ್' ಸಿನಗಾಗಿನಲ್ಲಿ. ಆಗ ಊರಿಗೆ ಊರೇ ಬಂದು ಅವರ ಬೆನ್ನಿಗೆ ನಿಂತಿತು. ಹೊರಗಿನಿಂದ ಬಂದ ಸಾವಿಗೆ ಎಲ್ಲರೂ ಕೂಡಿ ಅಳಬಹುದು. ಒಳಗಿನಿಂದ ಬರುವ ಸಾವಿನ ಗತಿಯೇನು?

ಪಕ್ಕದ ಮನೆಯ ಹಿರಿಯರು ಒಂದು ಶುಕ್ರವಾರ ಸಂಜೆ ನಮ್ಮನ್ನು ಊಟಕ್ಕೆ ಕರೆದರು. ಸಬ್ಬತ್ತಿನ ಆ ಊಟ ದ್ರಾಕ್ಷಾರಸದ ಬಟ್ಟಲು ಹಿಡಿದು ಮಾಡುವ ಪ್ರಾರ್ಥನೆಯಿಂದ ಮೊದಲಾಗುತ್ತದೆ. ನನಗೂ ಒಂದು ಬಟ್ಟಲು ಬಂದಿತು. ನಾನು ಹಿಂದೆ ಮುಂದೆ ನೋಡುತ್ತಿದ್ದುದನ್ನು ಕಂಡು ಅವರು, "ಧೈರ್ಯವಾಗಿ ಕುಡಿಯಿರಿ, ಇದು ಬರಿಯ ಹಣ್ಣಿನ ರಸ. ಹುಳಿಯಾಗಿಲ್ಲ. ಶಾಸ್ತ್ರಕ್ಕೆ ಇದೂ ಸಲ್ಲುತ್ತದೆ" ಎಂದರು. ಆಮೇಲೆ ಎದುರಿಗೆ ಕುಳಿತಿದ್ದ ಮಗನನ್ನು ತೋರಿಸಿ, "ಇವನಿಗೆ ಈಗ ಒಂಬತ್ತು ವರ್ಷ" ಎಂದು ಸೇರಿಸಿದರು. ಮಗನಿಗೆ ನಲವತ್ತರ ಹತ್ತಿರವಿದ್ದೀತು. ಮುದುಕರಿಗೆ ಅರಳುಮರಳೆಂದುಕೊಂಡೆ. ಚಟ ಬಿಟ್ಟು ಒಂಬತ್ತು ವರ್ಷವಾಯಿತೆಂಬುದು ಅವರ ಮಾತಿನ ಅರ್ಥ.

ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಾಗ ನೋವಿಗೆಂದು ಕೊಟ್ಟ ಮಾತ್ರೆಯಿಂದ ಅದು ಆರಂಭವಾಯಿತಂತೆ. ಅಫೀಮಿನ ಕುಲದ ಆ ಮಾತ್ರೆಗಳಿಂದ ಹೆರಾಯಿನ್ನಿಗೆ ಹೋಗುವ ದಾರಿ ಅಮೆರಿಕದಲ್ಲಿ ಎಷ್ಟೋ ಜನ ತುಳಿದ ದಾರಿ. ಮಿತಿಮೀರಿದ ಮಾದಕ ಸೇವನೆಯಿಂದ ಆ ದೇಶದಲ್ಲಿ 2021, 2022, 2023 ಈ ಮೂರು ವರ್ಷಗಳಲ್ಲಿ ಪ್ರತಿವರ್ಷವೂ ಒಂದು ಲಕ್ಷಕ್ಕಿಂತ ಹೆಚ್ಚು ಜನ ಸತ್ತರು. ಮಗ ಚಿಕಿತ್ಸಾಲಯದಲ್ಲಿದ್ದಷ್ಟು ಕಾಲವೂ ತಂದೆ ತಾಯಿ ನೆಂಟರಿಗೆ, "ಜೆರೂಸಲೇಮಿನಲ್ಲಿ ಓದುತ್ತಿದ್ದಾನೆ" ಎಂದು ಹೇಳುತ್ತಿದ್ದರು. ಮನೆಯಲ್ಲಿ ಮದುವೆಗೆ ಬಂದ ತಂಗಿಯಿದ್ದಳು. ಇದನ್ನು ಕೇಳಿದಾಗ ನನಗೆ ನಗುವೂ ಬಂದಿತು, ಎದೆಯೂ ಝಲ್ಲೆಂದಿತು. ಸಂಬಂಧ ಕೂಡಿಸುವವರು ಮನೆತನದ ರೋಗರುಜಿನವನ್ನೆಲ್ಲ ಕೆದಕಿ ಕೇಳುವ ರೂಢಿ ನಮ್ಮದೊಂದೇ ಎಂದು ತಿಳಿದಿದ್ದೆ.

ಅವರು ಹೇಳಿದ ಇನ್ನೊಂದು ಸಂಗತಿ ನನ್ನನ್ನು ಬಹುದಿನ ಕಾಡಿತು. ಸಿನಗಾಗಿನಲ್ಲಿ ಅದೇ ಬೆಂಚಿನಲ್ಲಿ ಇಪ್ಪತ್ತು ವರ್ಷ ಅವರ ಪಕ್ಕದಲ್ಲಿ ಕುಳಿತಿದ್ದ ಗೆಳೆಯನ ಮಗ ಒಂದು ದಿನ ತೀರಿಕೊಂಡ. ಹೃದಯ ನಿಂತುಹೋಯಿತು ಎಂದರು. ಎಲ್ಲರ ಹೃದಯವೂ ಕೊನೆಗೆ ನಿಲ್ಲುವುದೇ ಅಲ್ಲವೆ? ನಿಜವಾದ ಕಾರಣ ವರ್ಷ ಕಳೆದ ಮೇಲೆ ತಿಳಿಯಿತು. "ನನ್ನ ಮಗನನ್ನು ಎಲ್ಲಿಗೆ ಕರೆದುಕೊಂಡು ಹೋಗಬೇಕೆಂದು ನನಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಇಬ್ಬರೂ ಒಂದೇ ಪುಸ್ತಕದಲ್ಲಿ ನೋಡಿ ಪ್ರಾರ್ಥಿಸುತ್ತಿದ್ದೆವು" ಎಂದು ಹೇಳಿ ಮುದುಕರು ಸುಮ್ಮನಾದರು.

ಈ ಮೌನಕ್ಕೆ ಒಂದು ಇತಿಹಾಸವಿದೆ. ಯೆಹೂದ್ಯರಲ್ಲಿ ಕುಡುಕರಿಲ್ಲವೆಂಬುದು ಹಳೆಯ ನಂಬಿಕೆ. ಅವರೂ ನಂಬಿದ್ದರು, ಇತರರೂ ನಂಬಿದ್ದರು. ತತ್ತ್ವಜ್ಞಾನಿ ಕಾಂಟನು 1798ರ ತನ್ನ ಒಂದು ಗ್ರಂಥದಲ್ಲಿ, ಯೆಹೂದ್ಯರು ಪರರ ಕಣ್ಣೆದುರು ಬಾಳುವ ಜನವಾದುದರಿಂದ ಮೈಮರೆಯುವುದಿಲ್ಲವೆಂದು ಕಾರಣ ಕೊಟ್ಟಿದ್ದಾನೆ. 1958ರಲ್ಲಿ ಚಾರ್ಲ್ಸ್ ಸ್ನೈಡರ್ ಎಂಬ ಸಮಾಜಶಾಸ್ತ್ರಜ್ಞ ಇದನ್ನೇ ಕುರಿತು ಒಂದು ಪುಸ್ತಕ ಬರೆದ. ಮದ್ಯವನ್ನು ಮಗುವಾಗಿದ್ದಾಗಿನಿಂದ ಪೂಜೆಯ ಬಟ್ಟಲಿನಲ್ಲಿ ಕಂಡವನು ಅದನ್ನು ಅಮಲಿಗಾಗಿ ಕುಡಿಯುವುದು ಅಪರೂಪ, ಆಚಾರ ಸಡಿಲವಾದಷ್ಟೂ ಅಮಲು ಹೆಚ್ಚುತ್ತದೆ ಎಂಬುದು ಅವನ ತಾತ್ಪರ್ಯ. ಇದರಲ್ಲಿ ಸತ್ಯವಿಲ್ಲದೆ ಇಲ್ಲ. "ನಮ್ಮವರು ಕುಡಿಯುವುದಿಲ್ಲ" ಎಂಬ ಹೆಮ್ಮೆ ನೂರು ಜನರನ್ನು ಕಾಯುತ್ತದೆ. ಆದರೆ ನೂರಒಂದನೆಯವನು ಬಿದ್ದಾಗ ಅದೇ ಹೆಮ್ಮೆ ಅವನ ಬಾಯಿ ಕಟ್ಟುತ್ತದೆ. ಅವನು ಕುಡುಕನಾದದ್ದಷ್ಟೇ ಅಲ್ಲ, 'ನಮ್ಮವನು' ಎನ್ನಿಸಿಕೊಳ್ಳುವುದನ್ನೂ ಕಳೆದುಕೊಂಡಂತಾಗುತ್ತದೆ.

ಇದನ್ನು ಬಹಿರಂಗವಾಗಿ ಹೇಳಿದವರಲ್ಲಿ ಪಿಟ್ಸ್‌ಬರ್ಗಿನವರೇ ಒಬ್ಬರಿದ್ದರು, ಅಬ್ರಹಾಂ ಟ್ವೆರ್ಸ್ಕಿ. ಹಸೀದೀ ಗುರುಮನೆತನದಲ್ಲಿ 1930ರಲ್ಲಿ ಹುಟ್ಟಿದ ರಬ್ಬಿ, ಜೊತೆಗೆ ಮನೋವೈದ್ಯ. ಉದ್ದ ಗಡ್ಡ, ಕರಿಯ ನಿಲುವಂಗಿಯ ಈತ ಕ್ಯಾಥೊಲಿಕ್ ಸಂನ್ಯಾಸಿನಿಯರ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗದ ಮುಖ್ಯಸ್ಥರಾಗಿದ್ದರು. 1972ರಲ್ಲಿ 'ಗೇಟ್‌ವೇ' ಎಂಬ ವ್ಯಸನ ಚಿಕಿತ್ಸಾಕೇಂದ್ರವನ್ನು ಸ್ಥಾಪಿಸಿದರು. ಅರವತ್ತಕ್ಕೂ ಹೆಚ್ಚು ಪುಸ್ತಕ ಬರೆದು 2021ರಲ್ಲಿ ತೀರಿಕೊಂಡರು. ವ್ಯಸನ ರೋಗ, ರೋಗಕ್ಕೆ ಜಾತಿಯಿಲ್ಲ ಎಂದು ಅವರು ತಮ್ಮ ಜನಕ್ಕೆ ಹೇಳಿದ ಕಾಲದಲ್ಲಿ ಕೇಳುವವರು ಕಡಮೆ. 1980ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಯೆಹೂದ್ಯ ವ್ಯಸನಿಗಳೂ ಅವರ ಮನೆಯವರೂ ಸೇರಿ 'ಜ್ಯಾಕ್ಸ್' ಎಂಬ ಕೂಟ ಕಟ್ಟಿಕೊಂಡರು. ಅದಕ್ಕೊಂದು ಕಾರಣವೂ ಇತ್ತು. 1935ರಲ್ಲಿ ಹುಟ್ಟಿದ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘದ ಸಭೆಗಳು ಹೆಚ್ಚಾಗಿ ಸೇರುತ್ತಿದ್ದುದು ಚರ್ಚುಗಳ ನೆಲಮಾಳಿಗೆಯಲ್ಲಿ, ಎಷ್ಟೋ ಕಡೆ ಮುಗಿಯುತ್ತಿದ್ದುದು ಕ್ರೈಸ್ತ ಪ್ರಾರ್ಥನೆಯಿಂದ. ಒಂದು ಸಭೆಯನ್ನು ನಮ್ಮಲ್ಲೂ ನಡೆಸಿ ಎಂದು ಸಿನಗಾಗನ್ನು ಕೇಳಬೇಕಾದರೆ ಮೊದಲು, ನಮ್ಮಲ್ಲೂ ವ್ಯಸನಿಗಳಿದ್ದಾರೆ ಎಂದು ಒಪ್ಪಬೇಕಲ್ಲ! ತೊಡಕು ಇದ್ದದ್ದು ಅಲ್ಲಿ.

ಶಾಸ್ತ್ರದಲ್ಲಿ ಈ ಅರಿವು ಇಲ್ಲದೆ ಇರಲಿಲ್ಲ. ಪ್ರಳಯದಿಂದ ಪಾರಾದ ನೋಹನು ದ್ರಾಕ್ಷಿಯ ತೋಟ ಹಾಕಿ, ಕುಡಿದು, ಬತ್ತಲೆ ಬಿದ್ದ ಕಥೆ ಅವರ ಧರ್ಮಗ್ರಂಥದ ಆರಂಭದಲ್ಲೇ ಇದೆ. ತಾಲ್ಮುದಿನಲ್ಲಿ ಇನ್ನೂ ವಿಚಿತ್ರವಾದ ಒಂದು ಕಥೆಯಿದೆ. ಪೂರಿಮ್ ಹಬ್ಬದಲ್ಲಿ ಮೈಮರೆಯುವಷ್ಟು ಕುಡಿಯಬೇಕೆಂದು ಒಬ್ಬ ಪಂಡಿತರ ಮತ. ಹಾಗೆ ಕುಡಿದ ರಬ್ಬಾ ಎಂಬ ಗುರು ಅಮಲಿನಲ್ಲಿ ಗೆಳೆಯ ಝೇರಾನನ್ನು ಕೊಂದೇಬಿಟ್ಟ. ಮರುದಿನ ಪ್ರಾರ್ಥಿಸಿ ಬದುಕಿಸಿದ. ಮುಂದಿನ ವರ್ಷ ಮತ್ತೆ ಕರೆದಾಗ ಝೇರಾ ಬರಲೊಲ್ಲೆನೆಂದ, ಪವಾಡ ಪ್ರತಿಸಲವೂ ನಡೆಯುವುದಿಲ್ಲವೆಂದು ಕಾರಣ ಕೊಟ್ಟ. ಪಕ್ಕದ ಮನೆಯ ಮಗ ಈ ಕಥೆ ಹೇಳಿ ನಕ್ಕದ್ದನ್ನು ನಾನು ಮರೆಯಲಾರೆ. ಅವನು ಎರಡು ಸಲ ಉಸಿರು ನಿಂತು ಬದುಕಿದವನು.

ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಮನೆಯ ಗುಟ್ಟನ್ನು ಕಾಯುವುದು ಧರ್ಮವೋ, ಬಿಡುವುದು ಧರ್ಮವೋ? ಪರರ ದೋಷ ಆಡುವುದು, ಅದು ನಿಜವಾಗಿದ್ದರೂ, ಯೆಹೂದ್ಯರಲ್ಲಿ ದೊಡ್ಡ ಪಾಪ. ನೆರೆಯವರು ಒಂದು ಸಂಜೆ 'ಲೇವಿಯರ' ಕಾಂಡದ 19ನೆಯ ಅಧ್ಯಾಯ ತೆಗೆದು ತೋರಿಸಿದರು. ಅದರ 16ನೆಯ ವಚನದ ಮೊದಲರ್ಧ ಚಾಡಿ ಹೇಳುತ್ತ ತಿರುಗುವುದನ್ನು ನಿಷೇಧಿಸುತ್ತದೆ. ಎರಡನೆಯರ್ಧ ನೆರೆಯವನ ಪ್ರಾಣಕ್ಕೆ ಕುತ್ತು ಬಂದಾಗ ನೋಡುತ್ತ ನಿಲ್ಲುವುದನ್ನು ನಿಷೇಧಿಸುತ್ತದೆ. ಎರಡೂ ಒಂದೇ ಉಸಿರಿನಲ್ಲಿ! "ನಾವೆಲ್ಲ ಮೊದಲರ್ಧ ಓದಿ ಪುಸ್ತಕ ಮುಚ್ಚಿದೆವು" ಎಂದರು. 'ಹೋಫೆತ್ಸ್ ಹಾಯಿಮ್' ಎಂದು ಹೆಸರಾದ ರಬ್ಬಿ ಯಿಸ್ರಾಯೇಲ್ ಮೆಯಿರ್ ಕಗಾನ್ 1873ರಲ್ಲಿ ಇಡಿಯ ಗ್ರಂಥವನ್ನೇ ನಾಲಗೆಯ ಪಾಪದ ಮೇಲೆ ಬರೆದವರು. ಅವರೂ ಒಂದು ಕಡೆ ಬಾಗಿಲು ತೆರೆದಿಟ್ಟಿದ್ದಾರೆ: ಮದುವೆಯಲ್ಲಿ ಒಬ್ಬರಿಗೆ ಕೇಡಾಗುವುದೆಂದು ಖಚಿತವಾಗಿ ಗೊತ್ತಿದ್ದು, ದ್ವೇಷವಿಲ್ಲದೆ, ಉತ್ಪ್ರೇಕ್ಷೆಯಿಲ್ಲದೆ, ಬೇರೆ ದಾರಿಯಿಲ್ಲದಾಗ ಹೇಳಬೇಕು.

ಇದನ್ನು ಕೇಳುತ್ತ ನಾನು ತಲೆ ತಗ್ಗಿಸಿದೆ. ನನ್ನ ಚಿಕ್ಕಪ್ಪನ ಮಗ ಕುಡಿಯುತ್ತಿದ್ದ. ಹೆಣ್ಣಿನ ತಂದೆ ಶಿವಮೊಗ್ಗದಿಂದ ಬಂದವರು ನನ್ನನ್ನು ಪಕ್ಕಕ್ಕೆ ಕರೆದು, "ನೀವು ಮೇಷ್ಟ್ರು, ಸುಳ್ಳು ಹೇಳುವವರಲ್ಲ. ಹುಡುಗ ಹೇಗೆ?" ಎಂದು ಕೇಳಿದರು. "ಚಿನ್ನದಂಥವನು" ಎಂದೆ. ಅವನು ಚಿನ್ನದಂಥವನೇ ಆಗಿದ್ದ, ಅದು ಸುಳ್ಳಲ್ಲ. ಮದುವೆಯಾದರೆ ಸರಿಹೋಗುತ್ತಾನೆ ಎಂಬ ಮಾತು ಮನೆಯಲ್ಲಿ ಆಗಲೇ ಆಗಿತ್ತು. ನಲವತ್ತೆರಡನೆಯ ವಯಸ್ಸಿಗೆ ಹೋದ. ಕಾಮಾಲೆ ಎಂದೆವು. ಅದೂ ಸುಳ್ಳಲ್ಲ.

ಒಬ್ಬ ಮನುಷ್ಯನಿಗೆ ಇನ್ನೊಬ್ಬ ಮನುಷ್ಯ ಮಾಡಿದ ತಪ್ಪನ್ನು ಯೋಮ್ ಕಿಪ್ಪೂರಿನ ಉಪವಾಸ ತೊಳೆಯುವುದಿಲ್ಲ, ತಪ್ಪು ಮಾಡಿದವನು ಆ ಮನುಷ್ಯನ ಬಾಗಿಲಿಗೇ ಹೋಗಬೇಕು ಎಂದು ಅವರ ಮಿಶ್ನಾ ಗ್ರಂಥ ವಿಧಿಸುತ್ತದೆ. ಈ ನಿಯಮ ನಮ್ಮವರದಲ್ಲವೆಂದು ತಪ್ಪಿಸಿಕೊಳ್ಳಬಹುದಾಗಿತ್ತು. ಊರಿಗೆ ಮರಳಿದ ಮೇಲೆ ಎರಡು ತಿಂಗಳು ಹಾಗೆಯೇ ತಪ್ಪಿಸಿಕೊಂಡೆ.

ಕಳೆದ ತಿಂಗಳು ಶಿವಮೊಗ್ಗಕ್ಕೆ ಹೋದೆ. ಅವಳು ಕಾಫಿ ತಂದಿಟ್ಟು ಎದುರಿಗೆ ಕುಳಿತಳು. ಹೇಳಿದೆ. ತಡೆದು ತಡೆದು ಹೇಳಿದೆ. ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ಕೇಳಿದಳು. "ಗೊತ್ತಿದ್ದರೆ ಮದುವೆ ಬೇಡವೆನ್ನುತ್ತಿದ್ದೆನೋ ಇಲ್ಲವೋ, ಈಗ ಹೇಳಲಾರೆ ಭಾವ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಆದರೆ ಮೊದಲ ಎರಡು ವರ್ಷ, ನಾನು ಬಂದ ಮೇಲೆ ಅವರು ಕುಡಿಯಲು ಕಲಿತರೆಂದುಕೊಂಡಿದ್ದೆ" ಎಂದಳು.