ಬಕವೂ ರೋಗಾಣುವೂ

ಆಳಂದದ ಕಡೆಯಿಂದ ಹರಿದುಬರುವ ಅಮರ್ಜೆಯು ಭೀಮೆಯನ್ನು ಕೂಡುವ ಗಾಣಗಾಪುರದ ಸಂಗಮದಿಂದ ಜೇವರ್ಗಿಯ ಸೀಮೆಯವರೆಗೆ, ನೀರಿಳಿದ ಕಾಲದಲ್ಲಿ ಹೊಳೆಯಂಚಿನ ಕೊಕ್ಕರೆಯನ್ನು ನೋಡದವರು ವಿರಳ. ಅದರ ನಿಶ್ಚಲತೆಗೆ ಹಿರಿಯರು ಬಕಧ್ಯಾನವೆಂದು ಹೆಸರಿಟ್ಟು, ಕಪಟಿಗೆ ಅದನ್ನೇ ಉಪಮಾನವಾಗಿಸಿದರು. ಹೊಲಸು ಸೇರಿದ ನೀರಿನಲ್ಲಿ ಇನ್ನೊಂದು ಜೀವಿಯೂ ಇರಬಹುದು. ಅದು ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಕಾಲರಾ ರೋಗಾಣು; 1884ರಲ್ಲಿ ಜರ್ಮನ್ ವೈದ್ಯನಾದ ರಾಬರ್ಟ್ ಕಾಖ್ ಕಲಕತ್ತೆಯಲ್ಲಿ ಅದನ್ನು ಪರೀಕ್ಷಿಸಿದನು. ಇವೆರಡರಲ್ಲಿ ಪಾಪಿ ಯಾವುದು?

ಕೊಕ್ಕರೆಯು ಹಸಿವಿನಿಂದ ಮೀನನ್ನು ಹಿಡಿಯುತ್ತದೆ. ಅದನ್ನು ತಪಸ್ವಿಯೆಂದು ಬಗೆದವರು ನಾವು. ಮೀನು ಹಾಗೆ ಬಗೆದುದಿಲ್ಲ. ರೋಗಾಣುವಾದರೋ ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ವಿಷವನ್ನು ಸ್ರವಿಸುವುದು. ಒಡಲಿನ ನೀರೆಲ್ಲ ಬಸಿದುಹೋಗಿ, ಚಿಕಿತ್ಸೆ ದೊರೆಯದಿದ್ದರೆ ಗಟ್ಟಿಮುಟ್ಟಾದ ಆಳೂ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಆದರೂ ಅದಕ್ಕೆ ಮನುಷ್ಯನ ಮೇಲೆ ಹಗೆಯಿಲ್ಲ. ಮನುಷ್ಯನೆಂಬವನೊಬ್ಬನು ಇರುವನೆಂಬ ಅರಿವೂ ಇಲ್ಲ. ಅರಿವಿಲ್ಲದಲ್ಲಿ ಪಾಪವಿಲ್ಲ. ಹಾಗಾದರೆ ಈ ಸಾವುಗಳಿಗೆ ಹೊಣೆಗಾರರೇ ಇಲ್ಲವೆ?

ಮಹಾಭಾರತದ ಯಕ್ಷಪ್ರಶ್ನೆಯ ಪ್ರಸಂಗವನ್ನು ವಾಚಕರು ನೆನೆಯಬೇಕು. ಅಲ್ಲಿ ಸರೋವರವನ್ನು ಕಾಯುತ್ತಿದ್ದ ಯಕ್ಷನು ಬಕರೂಪಿ. ಉತ್ತರಿಸಿದ ಮೇಲೆ ಕುಡಿಯಿರೆಂಬ ಮಾತನ್ನು ಕೇಳಿಯೂ ಕುಡಿದ ನಾಲ್ವರು ತಮ್ಮಂದಿರು ದಡದಲ್ಲಿ ಬಿದ್ದರು. ಆ ಬಕವು ಕುಡಿಯುವ ಮೊದಲೇ ಎಚ್ಚರಿಸಿತು, ರೋಗಾಣುವಿಗೆ ಮಾತಿಲ್ಲ. ಅದರ ಪರವಾಗಿ 1854ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ನುಡಿದನು: ಒಂದು ಬೀದಿಯ ಪಂಪಿನ ನೀರಿಗೂ ಸುತ್ತಲಿನ ಸಾವುಗಳಿಗೂ ಸಂಬಂಧವುಂಟೆಂದು ಮನೆಮನೆ ವಿಚಾರಿಸಿ ತೋರಿಸಿದನು. ಅಂದಿನಿಂದ ಎಚ್ಚರಿಕೆಯು ನಮ್ಮ ಕಿವಿಗೆ ಬಿದ್ದಿದೆ. ಕೇಳಿಲ್ಲವೆಂದು ಹೇಳುವ ಅಧಿಕಾರವು ನಮಗಿಲ್ಲ.

ಊರ ಬಾವಿಗೆ ಚರಂಡಿಯು ಜಿನುಗುತ್ತಿರುವುದನ್ನು ಬಲ್ಲ ಸುಶಿಕ್ಷಿತನು, ತನ್ನ ಮನೆಯಲ್ಲಿ ಕಾಯಿಸಿದ ನೀರಿದೆಯೆಂದು ಸುಮ್ಮನಿದ್ದರೆ, ಬಕಧ್ಯಾನವೆಂಬ ಹೆಸರು ಸಲ್ಲತಕ್ಕದ್ದು ಅವನ ಮೌನಕ್ಕೆ. ಹಕ್ಕಿಯ ನಿಶ್ಚಲತೆ ಹಸಿವಿನದು, ಅವನದು ಅನುಕೂಲದ್ದು.

ಒಬ್ಬ ತಮ್ಮನನ್ನು ಮಾತ್ರ ಬದುಕಿಸುವೆನೆಂದು ಯಕ್ಷನು ಹೇಳಿದಾಗ ಧರ್ಮರಾಯನು ಒಡಹುಟ್ಟಿದ ಭೀಮಾರ್ಜುನರನ್ನು ಬೇಡಲಿಲ್ಲ. ಮಾದ್ರಿಯ ಮಗನಾದ ನಕುಲನನ್ನು ಬೇಡಿದನು. ಅದಕ್ಕೆ ಮೆಚ್ಚಿದ ಯಕ್ಷನು ನಾಲ್ವರನ್ನೂ ಬದುಕಿಸಿದನು. ನೆರೆಮನೆಯ ಕೊಡದ ನೀರನ್ನು ಮೊದಲು ವಿಚಾರಿಸುವವನ ಕೊಡವೂ ಶುದ್ಧವಾಗಿಯೇ ಉಳಿಯುವುದು; ಏಕೆಂದರೆ ಬಾವಿ ಒಂದೇ.