ಎಚ್ಚರದ ಸಾಕ್ಷಿ

ದೇಹದ ನೋವನ್ನೆಲ್ಲ ಅರಿಯುವ ಮಿದುಳು ತನ್ನ ಗಾಯದ ನೋವನ್ನು ತಾನರಿಯದು. ಆದುದರಿಂದ ನೆತ್ತಿಯ ನರಗಳಿಗೆ ಮಾತ್ರ ಮರಗಟ್ಟಿಸುವ ಮದ್ದನ್ನು ಚುಚ್ಚಿ, ಬೇಕಾದಾಗ ಲಘುನಿದ್ರೆ ತರಿಸಿ, ಮತ್ತೆ ಎಚ್ಚರಿಸಿ, ರೋಗಿಯೊಡನೆ ಮಾತನಾಡುತ್ತಲೇ ವೈದ್ಯರು ಶಸ್ತ್ರಕ್ರಿಯೆ ನಡೆಸುವರು. 2017ರಲ್ಲಿ ಬೆಂಗಳೂರಿನ ಭಗವಾನ್ ಮಹಾವೀರ ಜೈನ ಆಸ್ಪತ್ರೆಯಲ್ಲಿ, ಬೆರಳುಗಳು ಸೆಟೆದುಕೊಳ್ಳುತ್ತಿದ್ದ ಯುವಕನೊಬ್ಬನು ಶಸ್ತ್ರಕ್ರಿಯೆಯ ನಡುವೆಯೇ ಗಿಟಾರ್ ನುಡಿಸಿದನು. ಬೆರಳು ಸಡಿಲವಾಯಿತೆಂಬುದಕ್ಕೆ ಅವನ ವಾದನವೇ ಪ್ರಮಾಣವಾಯಿತು.

ರಾಯದುರ್ಗ, ಮಡಕಶಿರಾ ಸೀಮೆಯ ಹಲವು ಮನೆಗಳಲ್ಲಿ ಮನೆಮಾತು ಕನ್ನಡ, ಸಂತೆಯ ಮಾತು ತೆಲುಗು. ಇಂಥ ದ್ವಿಭಾಷಿಗಳ ಮಿದುಳಿನ ಕೆಲವು ತಾಣಗಳಲ್ಲಿ ಅಲ್ಪ ವಿದ್ಯುತ್ತು ತಾಗಿದರೆ ಒಂದು ನುಡಿ ತಡವರಿಸಿ ಇನ್ನೊಂದು ಉಳಿಯುವುದೆಂದು 1978ರಲ್ಲಿ ಓಜೆಮನ್ ಮತ್ತು ವಿಟೇಕರ್ ತೋರಿಸಿದರು. ಹಾಗಾದರೆ ‘ನಾನು’ ಎಂಬುವನು ಯಾವ ನುಡಿಯಲ್ಲಿರುವನು?

ಮಾಂಟ್ರಿಯಲ್ಲಿನ ಪೆನ್‌ಫೀಲ್ಡರು ಹೀಗೆಯೇ ವಿದ್ಯುತ್ತಿನಿಂದ ಕೈಯಾಡಿಸಿದಾಗ, ಆಡಿಸಿದವರು ತಾವಲ್ಲ, ವೈದ್ಯರೇ ಎಂದು ರೋಗಿಗಳು ಹೇಳುತ್ತಿದ್ದರು. ಕೈ ಚಲಿಸಿತು, ಇಚ್ಛೆ ಚಲಿಸಲಿಲ್ಲ. ಇದರಿಂದ ಆತ್ಮವು ಸಿದ್ಧವಾಯಿತೆನ್ನಲಾಗದು. ಆದರೆ ಮನಸ್ಸನ್ನು ಪ್ರೇರಿಸುವವನಾರೆಂಬ ಕೇನೋಪನಿಷತ್ತಿನ ಪ್ರಶ್ನೆಯನ್ನು ಶಸ್ತ್ರವೂ ಮುಗಿಸಿಲ್ಲ.

ತಲೆಯನ್ನೇ ಪರರ ಕೈಗೊಪ್ಪಿಸಿಯೂ ಆ ರೋಗಿ ಎಚ್ಚತ್ತು ಉತ್ತರಿಸುವನು. ಶರಣಾಗತಿಯೆಂದರೆ ಮೈಮರೆವಲ್ಲ. ಗುಡಿಯನ್ನು ಬಿಚ್ಚಿ ಕಟ್ಟುವಾಗಲೂ ಬಾಲಾಲಯದ ದೀಪ ಆರದಂತೆ, ಒಪ್ಪಿಸಿಕೊಂಡವನ ಅರಿವೂ ಆರದಿರಬೇಕು.